ಹೆದ್ದಾರಿ ತಿರುವಿನಲ್ಲಿ ಬೈಕಿನ ಮುಂಭಾಗ ಹಗುರ ಆಗ್ತದೆ: ವಿಂಗ್ಲೆಟ್ ಹಾಕಬೇಕಾ, ಬೇರೆ ಎಂತ ಮಾಡಬೇಕು?

ಕೋಡಿಬಾಗ ರೈಡರ್

200 ಸಿಸಿ ನೇಕೆಡ್ ಬೈಕು, ಅಂದರೆ ಮುಂದೆ ಗಾಳಿ ತಡೆಯುವ ಮೈಹೊದಿಕೆ ಇಲ್ಲದ್ದು. ಪೆಟ್ರೋಲು ತುಂಬಿದಾಗ ಸುಮಾರು 150 ಕೆಜಿ, ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) 1.37 ಮೀಟರ್, ಸವಾರನ ತೂಕ 70 ಚಿಲ್ಲರೆ. ಕಾರವಾರದಿಂದ ಕುಮಟಾ ಕಡೆ ಹೆದ್ದಾರಿ 66ರಲ್ಲಿ 75–80ರ ವೇಗದಲ್ಲಿ ಉದ್ದನೆಯ ತಿರುವು ಬಂದಾಗ ಮುಂದಿನ ಚಕ್ರ ಹಗುರಾದ ಹಾಗೆ ಆಗಿ ಹ್ಯಾಂಡಲ್ ಅಲುಗ್ತದೆ. ಬೆಳಿಗ್ಗೆ ಕಡಿಮೆ, ಮಧ್ಯಾಹ್ನದ ಮೇಲೆ ಜಾಸ್ತಿ. ಅಣಶಿ ಘಟ್ಟ, ದೇವಿಮನೆ ಘಟ್ಟದಲ್ಲಿ ಈ ತೊಂದರೆ ಇಲ್ಲವೇ ಇಲ್ಲ. ಹಿಂದೆ 40 ಲೀಟರಿನ ಟಾಪ್ ಬಾಕ್ಸ್ ಇದೆ, ಮುಂದೆ ಹೆಡ್‌ಲೈಟ್ ಬ್ರಾಕೆಟಿಗೆ ಕೂರಿಸಿದ 45 ಸೆಂ.ಮೀ ಎತ್ತರದ ವಿಂಡ್‌ಶೀಲ್ಡ್ ಇದೆ. ಆನ್‌ಲೈನಿನಲ್ಲಿ ಅಂಟಿಸುವ ವಿಂಗ್ಲೆಟ್ (ಗಾಳಿಯ ಬಲದಿಂದ ಬೈಕನ್ನ ಕೆಳಕ್ಕೆ ಒತ್ತುವ ಚಿಕ್ಕ ರೆಕ್ಕೆ) ಸಿಗ್ತದೆ. ಅದನ್ನ ಹಾಕಿದರೆ ಮುಂದಿನ ಚಕ್ರ ರಸ್ತೆಗೆ ಒತ್ತಿ ಕೂರ್ತದಾ?

ಗಾಳಿಲೆಕ್ಕ

ಮೊದಲು ಲೆಕ್ಕ ಹಾಕಿ ನೋಡೋಣ, ಸಾಮಾನು ಕೊಳ್ಳುವ ಮಾತು ಆಮೇಲೆ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ನೆಟ್ಟಗೆ ಕೂತ ಸವಾರನ ಸಮೇತ ನೇಕೆಡ್ ಬೈಕಿಗೆ ಡ್ರ್ಯಾಗ್ (ಗಾಳಿಯ ತಡೆ) ಗುಣಾಂಕವನ್ನು ಮುಂಭಾಗದ ವಿಸ್ತೀರ್ಣದಿಂದ ಗುಣಿಸಿದರೆ 0.55 ಚದರ ಮೀಟರ್ ಆಸುಪಾಸು ಬರುತ್ತದೆ. ಇದನ್ನೇ ಹಿಡಿದರೆ 30 ಕಿ.ಮೀ ವೇಗದಲ್ಲಿ ಗಾಳಿ ಹಿಂದಕ್ಕೆ ತಳ್ಳುವುದು 2 ಕೆಜಿ ಚಿಲ್ಲರೆ, 60ರಲ್ಲಿ 9 ಕೆಜಿ, 80ರಲ್ಲಿ 16–17 ಕೆಜಿ, 100ರಲ್ಲಿ 26 ಕೆಜಿ.

ಈ ಬಲ ನೆಲದ ಮಟ್ಟದಲ್ಲಿ ಅಲ್ಲ, ಸವಾರನ ಹೊಟ್ಟೆ-ಎದೆಯ ಹತ್ತಿರ, ನೆಲದಿಂದ ಸುಮಾರು 95 ಸೆಂ.ಮೀ ಮೇಲೆ ಬೀಳುತ್ತದೆ. ಅದಕ್ಕೆ ಎದುರಾಗಿ ಹಿಂದಿನ ಟಯರು ನೆಲದ ಮಟ್ಟದಲ್ಲಿ ಮುಂದಕ್ಕೆ ತಳ್ಳುತ್ತದೆ. ಮೇಲೊಂದು ಬಲ ಹಿಂದಕ್ಕೆ, ಕೆಳಗೊಂದು ಮುಂದಕ್ಕೆ ಆದಾಗ ಬೈಕು ಹಿಂದಕ್ಕೆ ಮಗುಚಲು ನೋಡುತ್ತದೆ, ಅಂದರೆ ಮುಂದಿನ ಚಕ್ರದ ಭಾರ ಹಿಂದಕ್ಕೆ ಹೋಗುತ್ತದೆ. 1.37 ಮೀಟರ್ ವೀಲ್‌ಬೇಸಿಗೆ ಲೆಕ್ಕ ಹಾಕಿದರೆ 80ರಲ್ಲಿ ಸುಮಾರು 11 ಕೆಜಿ. ನಿಂತ ಬೈಕಿನಲ್ಲಿ ಸವಾರನ ಸಮೇತ ಮುಂದಿನ ಚಕ್ರದ ಮೇಲೆ ಇರುವುದೇ 105 ಕೆಜಿ ಹತ್ತಿರ. ಹತ್ತರಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು.

ಮಧ್ಯಾಹ್ನ ಯಾಕೆ ಜಾಸ್ತಿ ಅನ್ನುವುದೂ ಇದರಲ್ಲೇ ಇದೆ. ಗಾಳಿಗೆ ಗೊತ್ತಾಗುವುದು ಸ್ಪೀಡೋಮೀಟರಿನ ವೇಗ ಅಲ್ಲ, ಎದುರು ಗಾಳಿಯನ್ನೂ ಕೂಡಿಸಿದ ವೇಗ. ಕಡಲ ಗಾಳಿ ಎದ್ದ ಮೇಲೆ ತಿರುವಿನಲ್ಲಿ ರಸ್ತೆ ಪಶ್ಚಿಮಕ್ಕೆ ಮುಖ ಮಾಡಿದಾಗ 20 ಕಿ.ಮೀ ಗಾಳಿ ಎದುರಾದರೆ, ಬೈಕು 80ರಲ್ಲಿದ್ದರೂ ತಡೆ 100ರದ್ದು. ಮುಂದಿನ ಚಕ್ರ ಕಳಕೊಳ್ಳುವುದು 17–18 ಕೆಜಿ. ಘಟ್ಟದ ಹೇರ್‌ಪಿನ್ನಿನಲ್ಲಿ 30ರ ವೇಗಕ್ಕೆ ಒಂದೂವರೆ ಕೆಜಿ ಚಿಲ್ಲರೆ, ಅಷ್ಟೇ. ದೇವಿಮನೆಯಲ್ಲಿ ತೊಂದರೆ ಕಾಣದೇ ಇರುವುದು ಸಹಜ.

ಇನ್ನು ವಿಂಗ್ಲೆಟ್. ಡುಕಾಟಿ ಕಂಪನಿ 2019ರ ಪನಿಗಾಲೆ ವಿ4 ಆರ್ ಬೈಕಿನ ರೆಕ್ಕೆಗಳಿಗೆ ಹೇಳಿದ ಅಂಕಿ 270 ಕಿ.ಮೀ ವೇಗದಲ್ಲಿ 30 ಕೆಜಿ. ಅದೇ ರೆಕ್ಕೆ 80ರಲ್ಲಿ ಕೊಡುವುದು 2.6 ಕೆಜಿ, 60ರಲ್ಲಿ ಒಂದೂವರೆ ಕೆಜಿ. ಅದು ಗಾಳಿಸುರಂಗದಲ್ಲಿ ಕೂರಿಸಿ ತಿದ್ದಿದ ರೆಕ್ಕೆ. ಟ್ಯಾಂಕ್ ಪಕ್ಕದ ಪ್ಲಾಸ್ಟಿಕ್ಕಿಗೆ ಡಬಲ್ ಟೇಪಿನಲ್ಲಿ ಅಂಟಿಸಿದ ಅಂಗೈಯಗಲದ ತುಂಡು ಅದರ ಹತ್ತಿರವೂ ಬರುವುದಿಲ್ಲ. ಅದು ಕೂರುವ ಜಾಗದಲ್ಲಿ ಫೋರ್ಕು, ಹೆಡ್‌ಲೈಟು ದಾಟಿ ಬಂದ ಗಾಳಿ ಆಗಲೇ ಸುಳಿದು ಕೆಟ್ಟಿರುತ್ತದೆ, ರೆಕ್ಕೆಗೆ ಬೇಕಾದ ಸಮನಾದ ಹರಿವು ಅಲ್ಲಿ ಇಲ್ಲ. ಮುಂದಿನ ಚಕ್ರಕ್ಕೆ ಭಾರ ಕೂಡಿಸುವುದಕ್ಕಿಂತ ಹೋಗುತ್ತಿರುವ 11 ಕೆಜಿಯನ್ನು ಉಳಿಸಿಕೊಳ್ಳುವುದು ಸುಲಭ. ನಮ್ಮ ರಸ್ತೆಗೆ, ನಮ್ಮ ವೇಗಕ್ಕೆ ಏರೋಡೈನಮಿಕ್ಸ್ ಅಂದರೆ ಇಷ್ಟೇ: ಗಾಳಿಗೆ ಹಿಡಿಗೊಡುವುದನ್ನು ತೆಗೆಯುವುದು, ತೆಗೆಯಲಾಗದ್ದನ್ನು ತಗ್ಗಿಸುವುದು, ಅಲುಗುವುದನ್ನು ಬಿಗಿ ಮಾಡುವುದು.

ಶಿರಸಿ ಗ್ಯಾರೇಜ್

ಲೆಕ್ಕ ಸರಿ ಇದೆ. ಆದರೆ ತಮ್ಮಾ, ಗಾಳಿಯ ಮೇಲೆ ತಪ್ಪು ಹೊರಿಸುವ ಮೊದಲು ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕತ್ತಿನ ಬೇರಿಂಗ್) ನೋಡು. "ಗಾಳಿಗೆ ಹ್ಯಾಂಡಲ್ ಅಲುಗ್ತದೆ" ಅಂತ ಬರುವ ಬೈಕುಗಳಲ್ಲಿ ಬಹಳಷ್ಟಕ್ಕೆ ಮೂಲ ಕಾಯಿಲೆ ಕೆಳಗೇ ಇರ್ತದೆ. ಗಾಳಿ ಅದನ್ನ ಎಬ್ಬಿಸಿ ತೋರಿಸುವುದು ಅಷ್ಟೇ.

ಅಲುಗಾಟದಲ್ಲಿ ಎರಡು ಬಗೆ ಉಂಟು. ಹ್ಯಾಂಡಲ್ ಮಾತ್ರ ಬೇಗಬೇಗ, ಸೆಕೆಂಡಿಗೆ ಆರರಿಂದ ಹತ್ತು ಸಲ ನಡುಗಿದರೆ ಅದು ವಾಬಲ್. ಮುಂದಿನ ಟಯರು, ಚಕ್ರದ ಬ್ಯಾಲೆನ್ಸು, ಕೋನ್ ಸೆಟ್, ಹ್ಯಾಂಡಲಿಗೆ ಕಟ್ಟಿದ ಸಾಮಾನು, ಇವುಗಳಲ್ಲಿ ಹುಡುಕು. ಇಡೀ ಬೈಕು ಸೊಂಟ ಆಡಿಸಿದ ಹಾಗೆ ನಿಧಾನಕ್ಕೆ, ಸೆಕೆಂಡಿಗೆ ಎರಡು-ಮೂರು ಸಲ ತೂಗಿದರೆ ಅದು ವೀವ್. ಅದರ ಬೇರು ಹಿಂದೆ: ಟಾಪ್ ಬಾಕ್ಸು, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ಬುಷ್, ಹಿಂದಿನ ಟಯರು, ಶಾಕಪ್ಪು.

ಕೋನ್ ಸೆಟ್ ನೋಡುವುದು ಹೀಗೆ. ಮೈನ್ ಸ್ಟ್ಯಾಂಡ್ ಹಾಕಿ ಹಿಂದಿನ ಸೀಟಿನ ಮೇಲೆ ಒಬ್ಬರು ಒತ್ತಿ ಕೂತು ಮುಂದಿನ ಚಕ್ರ ನೆಲ ಬಿಡಬೇಕು. ಹ್ಯಾಂಡಲನ್ನ ನಡುವಿನಿಂದ ಒಂದೇ ಬೆರಳಲ್ಲಿ ಅತ್ತ ಇತ್ತ ತಳ್ಳು. ತಾನಾಗೇ ನುಣ್ಣಗೆ ಕೊನೆಯ ತನಕ ಬೀಳಬೇಕು. ನೆಟ್ಟಗಿನ ಜಾಗಕ್ಕೆ ಬಂದಾಗ "ಟಕ್" ಅಂತ ಕೂತು ಹಿಡಿದರೆ ಬಾಲ್ ರೇಸಿನಲ್ಲಿ ಗುಳಿ ಬಿದ್ದಿದೆ. ಬಿಚ್ಚಿ ಒರೆಸಿದರೆ ಕೆಳಗಿನ ರೇಸಿನಲ್ಲಿ ಬಾಲು ಕೂತಷ್ಟೂ ಕಡೆ ಅಕ್ಕಿಕಾಳಿನ ಅಗಲದ ಮಾಸಲು ಮಚ್ಚೆ ಕಾಣ್ತದೆ, ಉಗುರು ಎಳೆದರೆ ಸಿಕ್ಕುತ್ತದೆ. ಅಂಥದ್ದಕ್ಕೆ ಗ್ರೀಸು ತುಂಬಿ ಪ್ರಯೋಜನ ಇಲ್ಲ, ಸೆಟ್ಟೇ ಬದಲಿಸು. ಆಮೇಲೆ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗು. ಕಟಕಟ ಅಂದರೆ ಸಡಿಲ. ಬಿಗಿ ಜಾಸ್ತಿ ಆದರೂ ಕಷ್ಟವೇ. ಬೈಕು ತನ್ನಷ್ಟಕ್ಕೆ ನೆಟ್ಟಗಾಗದೆ ನಿಧಾನ ವೇಗದಲ್ಲೂ ಅಂಕುಡೊಂಕು ಹೋಗ್ತದೆ.

ಹಿಂದಿನ ಚಕ್ರವನ್ನ ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ತಳ್ಳು. ಸ್ವಿಂಗ್ ಆರ್ಮ್ ಬುಡದಲ್ಲಿ ಕೂದಲೆಳೆಯಷ್ಟು ಆಟ ಇದ್ದರೂ ಚಕ್ರದಲ್ಲಿ ಅದು ಮಿಲಿಮೀಟರುಗಟ್ಟಲೆ ಆಗ್ತದೆ. ಟಯರು ನಡುವಿನಲ್ಲಿ ಚಪ್ಪಟೆ ಸವೆದಿದ್ದರೆ ವಾಲಿಸುವಾಗ ಆ ಅಂಚನ್ನ ದಾಟುವ ತನಕ ಎಳೆದಾಡಿ, ದಾಟಿದ ಕೂಡಲೇ ಬೈಕು ಒಮ್ಮೆಲೇ ಬೀಳ್ತದೆ. ಹೆದ್ದಾರಿಯಲ್ಲಿ ಮಾತ್ರ ಓಡುವ ಗಾಡಿಗೆ ಇದು ಬಹಳ. ಗಾಳಿ ತುಂಬುವಾಗ ಟಯರು ತಣ್ಣಗಿರಲಿ, ಕೈಪಿಡಿಯಲ್ಲಿ ಬರೆದಷ್ಟೇ ಇರಲಿ. ಪಂಪಿನವರು ಅಂದಾಜಿಗೆ ಹೊಡೆದ 40 ಪಿಎಸ್‌ಐ ಇಟ್ಟುಕೊಂಡು ಏರೋಡೈನಮಿಕ್ಸ್ ಮಾತಾಡಿ ಪ್ರಯೋಜನ ಇಲ್ಲ.

ಹಿಂದಿನ ಶಾಕಪ್ಪಿನ ಪ್ರೀಲೋಡ್ (ಸ್ಪ್ರಿಂಗನ್ನ ಮೊದಲೇ ಒತ್ತಿಡುವ ಬಿಗಿ) ಕೂಡ ಗಾಳಿಗೆ ಸಂಬಂಧಪಟ್ಟದ್ದೇ. ಬಾಕ್ಸಿನ ಭಾರಕ್ಕೆ ಹಿಂಭಾಗ ಕುಸಿದರೆ ಮೂತಿ ಮೇಲಾಗ್ತದೆ, ವಿಂಡ್‌ಶೀಲ್ಡಿನ ಕೋನ ಬದಲಾಗ್ತದೆ, ಮುಂದಿನ ಚಕ್ರ ಇನ್ನೂ ಹಗುರ. ಸವಾರ ಕೂತ ಮೇಲೆ ಒಟ್ಟು ಆಟದ ಮೂರನೇ ಒಂದು ಪಾಲು ಇಳಿದರೆ ಸಾಕು. 120 ಮಿ.ಮೀ ಆಟದ ಶಾಕಪ್ಪಾದರೆ 40 ಮಿ.ಮೀ.

ಕೋಡಿಬಾಗ ರೈಡರ್

ಅಣ್ಣ, ಹ್ಯಾಂಡಲಿನ ಬೇಗದ ನಡುಕವೂ ಇದೆ, ಗಾಳಿ ಜೋರಿದ್ದಾಗ ಹಿಂಭಾಗದ ತೂಗಾಟವೂ ಇದೆ. ಎರಡೂ ಒಟ್ಟಿಗೆ ಇರಬಹುದಾ? ಯಾವುದು ಗಾಳಿಯಿಂದ, ಯಾವುದು ಗಾಡಿಯಿಂದ ಅಂತ ಬೇರೆ ಮಾಡುವುದು ಹೇಗೆ?

ಶಿರಸಿ ಗ್ಯಾರೇಜ್

ಇರಬಹುದು. ಬೇರೆ ಮಾಡಲಿಕ್ಕೆ ಬಿಚ್ಚುವುದೊಂದೇ ದಾರಿ. ಕೋನ್ ಸೆಟ್, ಟಯರು, ಬುಷ್ ಸರಿ ಮಾಡಿದ ಮೇಲೆ ಗಾಳಿ ಇಲ್ಲದ ಬೆಳಿಗ್ಗೆ ಒಂದೇ ತಿರುವು, ಒಂದೇ ವೇಗ. ಮೊದಲು ಎಲ್ಲಾ ಇಟ್ಟುಕೊಂಡು, ಆಮೇಲೆ ಬಾಕ್ಸು ತೆಗೆದು, ಆಮೇಲೆ ಬಾಕ್ಸು ಹಾಕಿ ಶೀಲ್ಡು ತೆಗೆದು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನೂ ಒಟ್ಟಿಗೆ ತೆಗೆದರೆ ಯಾವುದು ಕಾರಣ ಅಂತ ಗೊತ್ತಾಗೂದಿಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಮಿತಿ 80, ಪರೀಕ್ಷೆಗೆ ಅದಕ್ಕಿಂತ ಮೇಲೆ ಹೋಗುವ ಅಗತ್ಯ ಇಲ್ಲ. 80ರ ಒಳಗೆ ಕಾಣದ ತೊಂದರೆ ನಮ್ಮ ತೊಂದರೆ ಅಲ್ಲ.

ಅಂಕೋಲಾ ಫ್ಯಾಬ್ರಿಕೇಷನ್

ವಿಂಡ್‌ಶೀಲ್ಡ್ ಬಗ್ಗೆ ಹೇಳ್ತೇನೆ. ಹೆಡ್‌ಲೈಟ್ ಬ್ರಾಕೆಟಿಗೆ ಕೂರಿಸಿದ 45 ಸೆಂ.ಮೀ ಶೀಲ್ಡು ಈ ಬೈಕಿನ ದೊಡ್ಡ ಶತ್ರು. ನೇಕೆಡ್ ಬೈಕಿನಲ್ಲಿ ಹೆಡ್‌ಲೈಟು ಫೋರ್ಕಿನ ಜೊತೆ ತಿರುಗ್ತದೆ. ಹಾಗಾಗಿ ಶೀಲ್ಡಿಗೆ ಬಿದ್ದ ಗಾಳಿ ಎಲ್ಲಾ ನೇರ ಹ್ಯಾಂಡಲಿಗೆ ಬರ್ತದೆ. 40 ಸೆಂ.ಮೀ ಎತ್ತರ, 30 ಅಗಲ ಅಂದರೂ 80ರಲ್ಲಿ ಮೂರೂವರೆ ಕೆಜಿ. ನೇರ ಎದುರಿನಿಂದ ಬಂದರೆ ಎರಡೂ ಬದಿ ಸಮ. ಅಡ್ಡಗಾಳಿ ಬಂದಾಗ ಒತ್ತಡದ ಕೇಂದ್ರ ಒಂದು ಬದಿಗೆ ಸರೀತದೆ. 5 ಸೆಂ.ಮೀ ಸರಿದರೂ ಹ್ಯಾಂಡಲಿನ ತುದಿಯಲ್ಲಿ ಅರ್ಧ ಕೆಜಿಯಷ್ಟು ದೂಡಿದ ಹಾಗೆ. ಗಾಳಿ ಬಿಟ್ಟು ಬಿಟ್ಟು ಬೀಸಿದರೆ ಆ ಅರ್ಧ ಕೆಜಿಯೂ ಬಿಟ್ಟು ಬಿಟ್ಟು ದೂಡ್ತದೆ, ಕೈ ಅದಕ್ಕೆ ಎದುರು ಎಳೀತದೆ, ತಿರುವಿನಲ್ಲಿ ಗೆರೆ ತಪ್ತದೆ.

ಎರಡು ದಾರಿ ಉಂಟು. ಸುಲಭದ್ದು ಅದನ್ನ 25–28 ಸೆಂ.ಮೀಗೆ ಕತ್ತರಿಸಿ ಹಿಂದಕ್ಕೆ ವಾಲಿಸುವುದು. ಎದೆಗೆ ಬೀಳುವ ಗಾಳಿ ಸ್ವಲ್ಪ ತಗ್ಗಿದರೂ ಸಾಕು, ತಲೆ ಮರೆಯಾಗಬೇಕಾಗಿಲ್ಲ. ಎತ್ತರದ ಶೀಲ್ಡೇ ಬೇಕು ಅಂತಾದರೆ ಫ್ರೇಮಿಗೆ ಕೂರಿಸು. ರೇಡಿಯೇಟರ್ ಶ್ರೌಡ್ ಬೋಲ್ಟು, ಟ್ಯಾಂಕಿನ ಮುಂದಿನ ಬೋಲ್ಟು, ಎಂಜಿನ್ ಗಾರ್ಡಿನ ಮೇಲಿನ ಬೋಲ್ಟು, ಎಲ್ಲಿ ಗಟ್ಟಿ ಸಿಗ್ತದೋ ಅಲ್ಲಿಂದ 25 ಮಿ.ಮೀ ಅಗಲ, 3 ಮಿ.ಮೀ ದಪ್ಪದ ಅಲ್ಯೂಮಿನಿಯಂ ಪಟ್ಟಿ. ಬೋಲ್ಟು ಬಿಗಿ ಮಾಡುವ ಮೊದಲು ಹ್ಯಾಂಡಲನ್ನ ಎಡಕ್ಕೂ ಬಲಕ್ಕೂ ಕೊನೆಯ ತನಕ ತಿರುಗಿಸಿ ನೋಡಬೇಕು. ಪಟ್ಟಿಗೂ ಫೋರ್ಕಿಗೂ, ಕೇಬಲಿಗೂ ಎಲ್ಲಾ ಕಡೆ 15 ಮಿ.ಮೀ ಜಾಗ ಬೇಕೇ ಬೇಕು. ಹೆದ್ದಾರಿಯಲ್ಲಿ ಪೂರ್ತಿ ಹ್ಯಾಂಡಲ್ ತಿರುಗೂದಿಲ್ಲ, ಅಣಶಿಯ ಹೇರ್‌ಪಿನ್ನಿನಲ್ಲಿ ತಿರುಗ್ತದೆ. ಅಲ್ಲಿ ಪಟ್ಟಿ ತಾಗಿದರೆ ಬಿದ್ದ ಹಾಗೇ.

ಶೀಲ್ಡಿನ ಮೇಲಂಚು ಕಣ್ಣಿನ ಗೆರೆಯಿಂದ 5–7 ಸೆಂ.ಮೀ ಕೆಳಗಿರಲಿ. ಮಳೆಗಾಲದಲ್ಲಿ ಶೀಲ್ಡಿನ ಮೂಲಕ ನೋಡಿ ಬೈಕು ಓಡಿಸಲಿಕ್ಕೆ ಆಗೂದಿಲ್ಲ, ಮೇಲಿಂದ ನೋಡಬೇಕು. ಬುಡದಲ್ಲಿ ಹೆಡ್‌ಲೈಟಿಗೂ ಶೀಲ್ಡಿಗೂ ನಡುವೆ 20–25 ಮಿ.ಮೀ ಸಂದು ಬಿಡು. ಸಂದು ಮುಚ್ಚಿದರೆ ಶೀಲ್ಡಿನ ಹಿಂದೆ ಒತ್ತಡ ಇಳಿದು ಮೇಲಂಚಿನಿಂದ ಬಂದ ಗಾಳಿ ಸುಳಿದು ಹೆಲ್ಮೆಟ್ಟಿಗೆ ಬಡೀತದೆ, ಬೆನ್ನಿನಿಂದ ಮುಂದಕ್ಕೆ ದೂಡಿದ ಹಾಗೂ ಅನಿಸ್ತದೆ. ಕೆಳಗಿಂದ ಸ್ವಲ್ಪ ಗಾಳಿ ಬಿಟ್ಟರೆ ಆ ಸುಳಿ ಸಾಯ್ತದೆ. ಕೋನ ತಿದ್ದುವುದು ಮೇಲಿನ ಬೋಲ್ಟುಗಳ ಹಿಂದೆ 5 ಮಿ.ಮೀ ಸ್ಪೇಸರ್ ಹಾಕಿ, ಒಮ್ಮೆಗೆ ಒಂದೇ.

ಗಾಳಿ ಎಲ್ಲಿ ಹರೀತದೆ ಅಂತ ಕಣ್ಣಿಗೇ ಕಾಣ್ತದೆ. ಉಲ್ಲನ್ ದಾರ 6 ಸೆಂ.ಮೀ ತುಂಡು ಮಾಡಿ ಶೀಲ್ಡಿನ ಒಳಬದಿ, ಹೊರಬದಿ, ಟ್ಯಾಂಕಿನ ಪಕ್ಕ, ಬಾಕ್ಸಿನ ಬದಿ, ಎಲ್ಲಾ ಕಡೆ ನಾಲ್ಕು ಬೆರಳಿಗೊಂದರಂತೆ ಒಂದು ತುದಿ ಮಾತ್ರ ಟೇಪಿನಲ್ಲಿ ಅಂಟಿಸು. ಆಕ್ಷನ್ ಕ್ಯಾಮರಾವನ್ನ ಬೈಕಿಗೇ ಕಟ್ಟಿ 70–80ರಲ್ಲಿ ವಿಡಿಯೋ ತೆಗಿ. ಪಕ್ಕದಲ್ಲಿ ಇನ್ನೊಬ್ಬ ಮೊಬೈಲ್ ಹಿಡಿದು ಬರುವುದು ಬೇಡ. ದಾರ ಹಿಂದಕ್ಕೆ ನೆಟ್ಟಗೆ ಮಲಗಿದರೆ ಹರಿವು ಸರಿ. ಗಿರಗಿರ ತಿರುಗಿದರೆ ಅಲ್ಲಿ ಸುಳಿ. ಮುಂದಕ್ಕೆ ತಿರುಗಿ ಮಲಗಿದರೆ ಗಾಳಿ ವಾಪಸ್ ಬರ್ತಿದೆ, ಹೆಲ್ಮೆಟ್ ನಡುಗುವುದಕ್ಕೆ ಅದೇ ಕಾರಣ. ಎರಡೂ ಬದಿಯ ದಾರ ಒಂದೇ ಥರ ಇಲ್ಲದಿದ್ದರೆ ಶೀಲ್ಡು ಸೊಟ್ಟ ಕೂತಿದೆ.

ಕುಮಟಾ ಟ್ರ್ಯಾಕ್

ವಿಂಗ್ಲೆಟ್ಟನ್ನ ಪೂರ್ತಿ ಬೇಡ ಅನ್ನುವುದು ಸರಿಯಾ? ಮೋಟೊಜಿಪಿ ಬೈಕ್ ರೇಸಿನಲ್ಲಿ ಈಗ ಎಲ್ಲಾ ಬೈಕಿಗೂ ಇದೆ, ಅದೂ ತಿರುವಿಗಾಗಿಯೇ. ಪ್ರಯೋಜನ ಇಲ್ಲದಿದ್ದರೆ ಎಂತಕ್ಕೆ ಹಾಕ್ತಾರೆ?

ಗಾಳಿಲೆಕ್ಕ

ಅಲ್ಲಿ ಪ್ರಯೋಜನ ಇದೆ. ಡುಕಾಟಿ 2015ರಲ್ಲಿ ಅದನ್ನು ಗಂಭೀರವಾಗಿ ಶುರು ಮಾಡಿದ್ದು ಮುಖ್ಯವಾಗಿ ತಿರುವಿನಿಂದ ಹೊರಬಂದು ಥ್ರಾಟಲ್ ಕೊಟ್ಟಾಗ ಮುಂದಿನ ಚಕ್ರ ಏಳದಿರಲಿ ಅಂತ. 2016ರ ನಂತರ ಚಾಚಿಕೊಂಡ ರೆಕ್ಕೆಗಳನ್ನು ನಿಷೇಧಿಸಿದರು. ಆಮೇಲೆ ಬಂದದ್ದು ಫೇರಿಂಗಿನ (ಬೈಕಿನ ಮೈಹೊದಿಕೆಯ) ಒಳಗೇ ಸೇರಿದ ಡಕ್ಟುಗಳು, ಅಂದರೆ ಗಾಳಿಕೊಳವೆಗಳು.

ವಾಲಿದ ಬೈಕಿನಲ್ಲಿ ರೆಕ್ಕೆಯ ಬಲ ಎತ್ತ ಹೋಗುತ್ತದೆ ಅಂತ ಯೋಚಿಸಿ. ಬಲ ನೆಲಕ್ಕೆ ನೇರ ಅಲ್ಲ, ಬೈಕಿನ ಮೈಗೆ ನೇರ. ಎಡಕ್ಕೆ ವಾಲಿದಾಗ ಬೈಕಿನ "ಕೆಳಗೆ" ಅನ್ನುವುದು ನೆಲದ ಕಡೆಗೂ ಬಲದ ಕಡೆಗೂ, ಅಂದರೆ ತಿರುವಿನ ಹೊರಗಡೆಗೂ ಇರುತ್ತದೆ. 45 ಡಿಗ್ರಿ ವಾಲಿದರೆ ಎಷ್ಟು ಕೆಳಕ್ಕೆ ಒತ್ತುತ್ತದೋ ಅಷ್ಟೇ ಹೊರಕ್ಕೂ ತಳ್ಳುತ್ತದೆ. ಅದಕ್ಕೇ ರೇಸಿನವರು ಇತ್ತೀಚೆಗೆ ಫೇರಿಂಗಿನ ಕೆಳಬದಿಯನ್ನು ಉಬ್ಬಿಸಿ, ಸುಮಾರು 60 ಡಿಗ್ರಿ ವಾಲಿದಾಗ ಅದು ರಸ್ತೆಗೆ ಹತ್ತಿರ ಬಂದು ನಡುವಿನ ಗಾಳಿ ವೇಗವಾಗಿ ಹರಿದು ಒತ್ತಡ ಇಳಿಯುವ ಹಾಗೆ ಮಾಡುತ್ತಾರೆ. ನೆಲದ ಕಡೆಗೆ ಹೀರುವ ಬಲ ಸಿಗುವುದು ಹಾಗೆ.

ನಮ್ಮ ಹೆದ್ದಾರಿಯ 200 ಮೀಟರ್ ತ್ರಿಜ್ಯದ ತಿರುವನ್ನು 80ರಲ್ಲಿ ತೆಗೆದರೆ ಬೇಕಾದ ವಾಲು 14 ಡಿಗ್ರಿ. 20 ಮೀಟರಿನ ಹೇರ್‌ಪಿನ್ 30ರಲ್ಲಿ ತೆಗೆದರೆ 20 ಡಿಗ್ರಿಯ ಒಳಗೆ. ಎರಡರಲ್ಲೂ ಫೇರಿಂಗು ನೆಲದ ಹತ್ತಿರ ಬರುವ ಮಾತೇ ಇಲ್ಲ. ಅಡ್ಡಗಾಳಿಯಲ್ಲಿ ಎರಡು ಬದಿಯ ರೆಕ್ಕೆಗೆ ಬೇರೆ ಬೇರೆ ಗಾಳಿ ಸಿಗುತ್ತದೆ ಅನ್ನುವುದು ಇನ್ನೊಂದು ತಲೆನೋವು. ಚೂಪು ಅಂಚು ಹೊರಗೆ ಚಾಚಿದ್ದರೆ ತಾಗಿದವರಿಗೆ ಗಾಯ. ತಯಾರಕರ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ನಿರ್ಬಂಧವೂ ಇದೆ. ಶೀಲ್ಡು, ಪಟ್ಟಿ ಮಾಡಿಸುವಾಗಲೂ ಅದು ನೆನಪಿರಲಿ: ಹೆಡ್‌ಲೈಟು, ಇಂಡಿಕೇಟರು, ನಂಬರ್ ಪ್ಲೇಟು ಯಾವುದೂ ಮರೆಯಾಗಬಾರದು.

ದೇವಿಮನೆ

ಟಾಪ್ ಬಾಕ್ಸಿನ ಮಾತು ಯಾರೂ ಪೂರ್ತಿ ಎತ್ತಲಿಲ್ಲ. ಅದು ಮೂರು ಕಡೆಯಿಂದ ಕಾಡುತ್ತದೆ. ಭಾರ ಹಿಂದಿನ ಆ್ಯಕ್ಸಲಿನಿಂದಲೂ ಹಿಂದಿದೆ: 25 ಸೆಂ.ಮೀ ಹಿಂದೆ 10 ಕೆಜಿ ಇಟ್ಟರೆ ಮುಂದಿನ ಚಕ್ರದಿಂದ ಸುಮಾರು 1.8 ಕೆಜಿ ಎತ್ತಿದ ಹಾಗೆ. ಎತ್ತರದಲ್ಲಿದೆ, ಹಾಗಾಗಿ ತೂಗಾಟ ನಿಧಾನಕ್ಕೆ ಸಾಯುತ್ತದೆ. ಅಡ್ಡಗಾಳಿಗೆ ಅದರ ಬದಿ ಒಂದು ಹಲಗೆ. ಖಾಲಿ ಬಾಕ್ಸಿನಲ್ಲಿ ಮೊದಲಿನ ತೊಂದರೆ ಕಡಿಮೆಯಾಗುತ್ತದೆ, ಮೂರನೆಯದು ಹಾಗೇ ಉಳಿಯುತ್ತದೆ.

ಒಬ್ಬನೇ ಹೋಗುವಾಗ ಬಾಕ್ಸಿಗೂ ಬೆನ್ನಿಗೂ ನಡುವೆ ಒಂದು ಸೀಟಿನ ಖಾಲಿ ಜಾಗ ಇರುತ್ತದೆ. ಸವಾರನನ್ನು ದಾಟಿ ಬಂದ ಗಾಳಿ ಅಲ್ಲಿ ಸುಳಿ ಕಟ್ಟಿ ಬಾಕ್ಸಿನ ಮೂತಿಗೆ ಒಮ್ಮೆ ಎಡ, ಒಮ್ಮೆ ಬಲ ಬಡಿಯುತ್ತದೆ. ಮೌಂಟಿಂಗ್ ಪ್ಲೇಟಿನಲ್ಲಿ ಸ್ಲಾಟ್ ಇದ್ದರೆ ಬಾಕ್ಸನ್ನು ಮುಂದಕ್ಕೆ ತಳ್ಳಿ. 5 ಸೆಂ.ಮೀ ಆದರೂ ಗೊತ್ತಾಗುತ್ತದೆ. ಭಾರದ ಸಾಮಾನು ಟ್ಯಾಂಕ್ ಬ್ಯಾಗಿಗೆ ಅಥವಾ ಸವಾರನ ಕಾಲಿನ ಹಿಂದೆ ತಗ್ಗಿನಲ್ಲಿ ಕೂರುವ ಸೈಡ್ ಬ್ಯಾಗಿಗೆ ಹಾಕಿ, ಬಾಕ್ಸಿನಲ್ಲಿ ಬಟ್ಟೆಯಂಥ ಹಗುರ ಸಾಮಾನು ಇರಲಿ. ಬಾಕ್ಸಿನ ಒಳಗಿನ ಸ್ಟಿಕ್ಕರಿನಲ್ಲಿ ತೂಕದ ಮಿತಿ ಬರೆದಿರುತ್ತಾರೆ, ಓದಿ ನೋಡಿ. ಸೈಡ್ ಬ್ಯಾಗಿನ ಒಟ್ಟು ಅಗಲ ಹ್ಯಾಂಡಲಿನ ಅಗಲ ದಾಟಬಾರದು, ಎಡ-ಬಲ ತೂಕ ಸಮ ಇರಬೇಕು.

ಮಳೆಗಾಲದಲ್ಲಿ ಬ್ಯಾಗಿನ ರೇನ್ ಕವರು, ಸವಾರನ ರೇನ್‌ಕೋಟು ಎಲ್ಲದಕ್ಕಿಂತ ಕೆಟ್ಟ ಏರೋಡೈನಮಿಕ್ಸ್. ಒಳಗೆ ಗಾಳಿ ಹೊಕ್ಕು ಬಿಚ್ಚಿದ ಕೊಡೆಯ ಹಾಗೆ ಉಬ್ಬುತ್ತದೆ, ಪಟಪಟ ಬಡಿಯುತ್ತದೆ. ಆ ಬಡಿತ ಭುಜದಿಂದ ಕೈಗೆ, ಕೈಯಿಂದ ಹ್ಯಾಂಡಲಿಗೆ. ಕೋಟಿನ ಕುತ್ತಿಗೆ, ಮಣಿಕಟ್ಟು, ಸೊಂಟ ಮೂರೂ ಕಡೆ ವೆಲ್‌ಕ್ರೋ ಅಥವಾ ಬೆಲ್ಟಿನಲ್ಲಿ ಬಿಗಿಯಬೇಕು. ಮೇಲಿಂದ ಒಂದು ಬಿಗಿ ರಿಫ್ಲೆಕ್ಟರ್ ಜಾಕೆಟ್ ಹಾಕಿದರೆ ಉಬ್ಬುವುದು ಪೂರ್ತಿ ನಿಲ್ಲುತ್ತದೆ, ಮಂಜಿನಲ್ಲಿ ಕಾಣುವುದಕ್ಕೂ ಆಯಿತು. ಸ್ಟ್ರಾಪಿನ ಉಳಿದ ತುದಿಯನ್ನು ಕತ್ತರಿಸಿ ಅಥವಾ ಸುತ್ತಿ ಟೇಪ್ ಹಾಕಿ, ಚೈನಿಗೆ ಸಿಕ್ಕರೆ ಹಿಂದಿನ ಚಕ್ರ ಅಲ್ಲೇ ಲಾಕ್. ಹಿಂದೆ ಕೂತವರ ವೇಲು, ಸೆರಗಿಗೂ ಇದೇ ಮಾತು. ಹಿಂದೆ ಕೂರುವವರು ಸವಾರನಿಗೆ ಒತ್ತಿ ಕೂತರೆ ನಡುವಿನ ಸುಳಿ ಇರುವುದಿಲ್ಲ.

ಹೊನ್ನಾವರ ಬೈಪಾಸ್

ಗಾಡಿ ಎಷ್ಟು ಸರಿ ಮಾಡಿದರೂ ಗಾಳಿ ಎಲ್ಲಿ ಹೊಡೀತದೆ ಅಂತ ಗೊತ್ತಿರಬೇಕು. ನಮ್ಮಲ್ಲಿ ಲೆಕ್ಕ ಸುಲಭ: ಸಮುದ್ರ ಯಾವಾಗಲೂ ಪಶ್ಚಿಮಕ್ಕೆ. ಕಾರವಾರದಿಂದ ಕುಮಟಾ, ಭಟ್ಕಳ ಕಡೆ ಹೋಗುವಾಗ ಕಡಲ ಗಾಳಿ ಬಲಗಡೆಯಿಂದ, ವಾಪಸ್ ಬರುವಾಗ ಎಡಗಡೆಯಿಂದ. ಬೇಸಿಗೆಯಲ್ಲಿ ಹಗಲು ಬಿಸಿ ಏರಿದ ಮೇಲೆ ಏಳ್ತದೆ, ಮೂರು-ನಾಲ್ಕು ಗಂಟೆಗೆ ಜೋರು, ರಾತ್ರಿ ಸತ್ತು ಹೋಗ್ತದೆ. ಮಳೆಗಾಲದಲ್ಲಿ ಹೊತ್ತು ಗೊತ್ತಿಲ್ಲ.

ಹೊಡೆಯುವ ಜಾಗ ಯಾವುದು ಅಂದರೆ ಮರೆ ಮುಗಿಯುವ ಜಾಗ. ಕಾರವಾರದ ಸುರಂಗದಿಂದ ಹೊರಗೆ ಬರುವ ಬಾಯಿ, ಗುಡ್ಡ ಕಡಿದ ಎರಡು ಗೋಡೆಯ ನಡುವಿನಿಂದ ಬಯಲಿಗೆ ಬೀಳುವ ತಿರುವು, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸೇತುವೆಗಳ ಶುರು. ಒಂದೇ ಸಮ ಬೀಸುವ ಗಾಳಿಗೆ ಬೈಕು ಮೂರ್ನಾಲ್ಕು ಡಿಗ್ರಿ ವಾಲಿ ಹೊಂದಿಕೊಳ್ತದೆ, ಅದರಿಂದ ತೊಂದರೆ ಇಲ್ಲ. ತೊಂದರೆ ಅದು ಒಮ್ಮೆಲೇ ಶುರು ಆದಾಗ, ಒಮ್ಮೆಲೇ ನಿಂತಾಗ. ಬಲ ತಿರುವಿನಲ್ಲಿ ಬಲಗಡೆಯಿಂದ ಗಾಳಿ ಇದ್ದರೆ ಬೈಕು ತಿರುವಿಗೆ ಬೇಕಾದ್ದಕ್ಕಿಂತ ಜಾಸ್ತಿ ವಾಲಿರ್ತದೆ. ಗುಡ್ಡದ ಮರೆಗೆ ಹೋದ ಕ್ಷಣ ಆ ಜಾಸ್ತಿ ವಾಲು ಬೈಕನ್ನ ರಸ್ತೆ ನಡುವಿನ ಮೀಡಿಯನ್ ಕಡೆ ಎಳೀತದೆ.

ಲಾರಿ ಹಿಂದಿಕ್ಕುವುದು ಎರಡು ದಿಕ್ಕಿಗೆ ಎರಡು ರೀತಿ. ಉತ್ತರಕ್ಕೆ, ಕಾರವಾರ ಕಡೆ ಹೋಗುವಾಗ ಲಾರಿ ಎಡಕ್ಕೆ, ಸಮುದ್ರವೂ ಎಡಕ್ಕೆ. ಲಾರಿಯ ಪಕ್ಕ ಹೊಕ್ಕ ಕೂಡಲೇ ಗಾಳಿ ನಿಲ್ತದೆ, ಎಡಕ್ಕೆ ವಾಲಿಸಿಟ್ಟ ಬೈಕು ಲಾರಿಯ ಕಡೆಗೇ ಹೋಗ್ತದೆ. ಲಾರಿಯ ಮೂತಿ ದಾಟಿದ ಕೂಡಲೇ ಮೂತಿ ಒತ್ತಿದ ಗಾಳಿ, ಕಡಲ ಗಾಳಿ ಎರಡೂ ಸೇರಿ ಬಲಕ್ಕೆ ದೂಡ್ತವೆ. ದಕ್ಷಿಣಕ್ಕೆ ಹೋಗುವಾಗ ಮರೆ ಸಿಗೂದಿಲ್ಲ, ಗಾಳಿ ಬಲದಿಂದ ಉದ್ದಕ್ಕೂ ಲಾರಿಯ ಕಡೆ ಒತ್ತುತ್ತಲೇ ಇರ್ತದೆ, ಜೊತೆಗೆ ಲಾರಿಯ ಬದಿಯ ಸೆಳೆತ. ಇದು ಹೆಚ್ಚು ಅಪಾಯ. ಒಂದೂವರೆ ಮೀಟರ್ ಅಂತರ ಇಟ್ಟು, ಬೇಗ ದಾಟಿ. ಉದ್ದ ಟ್ರೇಲರನ್ನ ತಿರುವಿನಲ್ಲಿ ಹಿಂದಿಕ್ಕುವುದೇ ಬೇಡ. ಅರಬೈಲ್ ಘಟ್ಟದಲ್ಲಿ ಎದುರಿನಿಂದ ಇಳಿದು ಬರುವ ಲಾರಿಯ ಗಾಳಿಯೂ ಇದೇ ಜಾತಿಯದ್ದು. ಎರಡೂ ವೇಗ ಕೂಡುವುದರಿಂದ ಹೊಡೆತ ಚಿಕ್ಕದು ಆದರೆ ಚುರುಕು.

ಗಾಳಿ ಹೊಡೆದಾಗ ಮೊಣಕಾಲು ಟ್ಯಾಂಕಿಗೆ ಒತ್ತಿ, ಮೊಣಕೈ ಮಡಚಿ ಸಡಿಲ ಬಿಡಿ, ಎದೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಬಗ್ಗಿದರೆ ತಡೆಯೂ ಕಡಿಮೆ, ಮುಂದಿನ ಚಕ್ರಕ್ಕೆ ಭಾರವೂ ಬಂತು. ಎರಡೂ ಒಂದೇ ಕೆಲಸದಲ್ಲಿ, ಖರ್ಚಿಲ್ಲದೆ. ಹ್ಯಾಂಡಲನ್ನ ಬಿಗಿ ಹಿಡಿದರೆ ಮೈಗೆ ಬಿದ್ದ ಹೊಡೆತ ಎಲ್ಲಾ ಸ್ಟೀರಿಂಗಿಗೆ ಹೋಗ್ತದೆ. ಥ್ರಾಟಲ್ ಒಮ್ಮೆಲೇ ಬಿಡಬೇಡಿ. 80ರಲ್ಲಿ ಬಿಟ್ಟರೆ ಗಾಳಿಯ 16 ಕೆಜಿಯ ಜೊತೆ ಎಂಜಿನ್ ಬ್ರೇಕೂ ಸೇರಿ ತಿರುವಿನ ನಡುವೆ ಭಾರ ಪಲ್ಲಟ ಆಗ್ತದೆ.

ಕೋಡಿಬಾಗ ರೈಡರ್

ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ಹ್ಯಾಂಡಲ್ ನಡುಕ ನಿಲ್ಲುವುದಿಲ್ಲವಾ? ಮತ್ತೆ ಎಂಜಿನ್ ಕೆಳಗಿನ ಬೆಲ್ಲಿ ಪ್ಯಾನ್ ಉಪಯೋಗಕ್ಕೆ ಬರ್ತದಾ?

ಶಿರಸಿ ಗ್ಯಾರೇಜ್

ಡ್ಯಾಂಪರ್ ವಾಬಲನ್ನ ನುಂಗ್ತದೆ, ಕಾರಣವನ್ನ ನುಂಗೂದಿಲ್ಲ. ಗುಳಿ ಬಿದ್ದ ಕೋನ್ ಸೆಟ್ ಹಾಗೇ ಇದ್ದು ಅದರ ಸೂಚನೆ ಮಾತ್ರ ಅಡಗ್ತದೆ. ಅದೂ ಅಲ್ಲದೆ ಡ್ಯಾಂಪಿಂಗ್ ಜಾಸ್ತಿ ಮಾಡಿದರೆ ವೀವ್ ಹೆಚ್ಚಾಗುವ ಸಾಧ್ಯತೆ ಉಂಟು, ನಿನಗೆ ಅದೂ ಇದೆ. ಘಟ್ಟದಲ್ಲಿ ಹ್ಯಾಂಡಲ್ ಭಾರ ಆಗ್ತದೆ. ಈ ಬೈಕಿಗೆ ಬೇಡ ಅಂತಲೇ ನನ್ನ ಮಾತು.

ಬೆಲ್ಲಿ ಪ್ಯಾನ್ ಕಡೆಯ ಕೆಲಸ. ಏರ್‌ಕೂಲ್ಡ್ ಎಂಜಿನ್ನಾದರೆ ಅರಬೈಲ್ ಏರುವಾಗ ಎರಡನೇ ಗೇರಿನಲ್ಲಿ ಬೇಕಾದ ಗಾಳಿಯನ್ನ ಅದು ತಡೀತದೆ. ಹಾಕಿದರೂ ಕೆಳಗೆ 10 ಮಿ.ಮೀ ತೂತು ಎರಡಾದರೂ ಇರಲಿ, ಇಲ್ಲದಿದ್ದರೆ ಮಳೆನೀರು, ಕೆಂಪು ಮಣ್ಣು ತುಂಬಿ ಅದೇ ಭಾರ. ಮುಂದಿನ ಮಡ್‌ಗಾರ್ಡಿಗೂ ಇದೇ. ಟಯರಿಗೆ ಹತ್ತಿರ ಹಾಕಿಸಿದರೆ ಗಾಳಿಗೆ ಒಳ್ಳೆಯದು, ಆದರೆ 15–20 ಮಿ.ಮೀ ಸಂದು ಇಲ್ಲದಿದ್ದರೆ ಮಳೆಗಾಲದ ಹಳ್ಳಿ ರಸ್ತೆಯಲ್ಲಿ ಕೆಸರು ಸಿಕ್ಕಿ ಚಕ್ರ ಹಿಡೀತದೆ.

ಗಾಳಿಲೆಕ್ಕ

ಮಾಡಿದ ಬದಲಾವಣೆ ನಿಜಕ್ಕೂ ಡ್ರ್ಯಾಗ್ ಇಳಿಸಿತಾ ಅಂತ ಅಳೆಯಬಹುದು. ಸಮತಟ್ಟು ರಸ್ತೆ, ಗಾಳಿ ಇಲ್ಲದ ಬೆಳಿಗ್ಗೆ, ಹಿಂದೆ ಮುಂದೆ ವಾಹನ ಇಲ್ಲದಾಗ 80ರಲ್ಲಿ ಕ್ಲಚ್ ಹಿಡಿದು ಬೈಕನ್ನು ಅದರಷ್ಟಕ್ಕೆ ಬಿಡಿ, 60ಕ್ಕೆ ಇಳಿಯಲು ಎಷ್ಟು ಸೆಕೆಂಡು ಅಂತ ನೋಡಿ. ಎರಡೂ ದಿಕ್ಕಿಗೆ ಮೂರು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಈ ತೂಕದ ಬೈಕಿಗೆ ಏಳೂವರೆ ಸೆಕೆಂಡಿನ ಸುತ್ತಮುತ್ತ ಬರಬೇಕು. ಡ್ರ್ಯಾಗ್ 10 ಶೇಕಡಾ ಇಳಿದರೂ ಹೆಚ್ಚುವುದು ಅರ್ಧ-ಮುಕ್ಕಾಲು ಸೆಕೆಂಡು ಮಾತ್ರ. ಕೈಗಡಿಯಾರ ಸಾಲುವುದಿಲ್ಲ, ಜಿಪಿಎಸ್ ಆ್ಯಪ್ ದಾಖಲೆ ಬೇಕು. ಆದರೆ ಇದರಿಂದ ತಿಳಿಯುವುದು ತಡೆ ಮಾತ್ರ, ಸ್ಥಿರತೆ ಅಲ್ಲ. ಸ್ಥಿರತೆಗೆ ಶಿರಸಿಯವರು ಹೇಳಿದ ಒಂದೊಂದೇ ಬಿಚ್ಚಿ ನೋಡುವ ಕ್ರಮವೇ ಸರಿ.

ಕೋಡಿಬಾಗ ರೈಡರ್

ವಿಂಗ್ಲೆಟ್ ಬಿಟ್ಟೆ. ಮೊದಲು ಕೋನ್ ಸೆಟ್, ಟಯರು, ಬುಷ್. ಆಮೇಲೆ ಬಾಕ್ಸು ಮುಂದಕ್ಕೆ, ಶೀಲ್ಡು 28 ಸೆಂ.ಮೀಗೆ. ಫ್ಯಾಬ್ರಿಕೇಷನ್ ಅಣ್ಣ, ಈಗಿರುವುದು ಅಕ್ರಿಲಿಕ್. ಅದನ್ನೇ ಕತ್ತರಿಸಬಹುದಾ? ಬೋಲ್ಟು ಎಂತದು ಹಾಕಬೇಕು? ಇಲ್ಲಿಯ ಉಪ್ಪುಗಾಳಿಗೆ ಮಾಮೂಲಿ ಬೋಲ್ಟು ಒಂದು ಮಳೆಗಾಲಕ್ಕೆ ತುಕ್ಕು.

ಅಂಕೋಲಾ ಫ್ಯಾಬ್ರಿಕೇಷನ್

ಅಕ್ರಿಲಿಕ್ ಒಡೆದರೆ ಚೂಪು ಚೂರಾಗ್ತದೆ, ಎದೆಯ ಮುಂದೆ ಅದು ಬೇಡ. 3 ಮಿ.ಮೀ ಪಾಲಿಕಾರ್ಬೊನೇಟ್ ಹಾಳೆ ತಗೊ. ಬಿಸಿ ಮಾಡಿ ಬಗ್ಗಿಸಲು ಹೋಗಬೇಡ. ಆ ಹಾಳೆ ತೇವ ಹೀರಿಕೊಂಡಿರ್ತದೆ, ಕರಾವಳಿಯಲ್ಲಂತೂ ಕೇಳುವುದೇ ಬೇಡ. ಒಲೆಯಲ್ಲಿ ಗಂಟೆಗಟ್ಟಲೆ ಒಣಗಿಸದೆ ಬಿಸಿ ಮಾಡಿದರೆ ಒಳಗೆಲ್ಲಾ ಗುಳ್ಳೆ ಏಳ್ತದೆ. 28 ಸೆಂ.ಮೀ ತುಂಡನ್ನ ತಣ್ಣಗೇ ಸ್ವಲ್ಪ ಬಾಗಿಸಿ ಬೋಲ್ಟಿನಲ್ಲಿ ಹಿಡಿಸಬಹುದು.

ಎಂ5 ಬೋಲ್ಟಿಗೆ 7 ಮಿ.ಮೀ ತೂತು, ಅಂಚಿನಿಂದ 15 ಮಿ.ಮೀ ಒಳಗೆ. ತೂತು ದೊಡ್ಡದು ಎಂತಕ್ಕೆ ಅಂದರೆ 40 ಸೆಂ.ಮೀ ಹಾಳೆ 30 ಡಿಗ್ರಿ ಬಿಸಿ ಏರಿದರೆ 0.8 ಮಿ.ಮೀ ಹಿಗ್ತದೆ, ಬಿಗಿ ತೂತಿನಲ್ಲಿ ಅಲ್ಲಿಂದಲೇ ಬಿರುಕು ಶುರು. ಡ್ರಿಲ್ ನಿಧಾನ ತಿರುಗಲಿ, ಅಂಚನ್ನ ಸ್ಯಾಂಡ್ ಪೇಪರಿನಲ್ಲಿ ನುಣ್ಣಗೆ ಮಾಡು. ಎರಡೂ ಬದಿ ರಬ್ಬರ್ ವಾಷರ್. ಕೈಯಲ್ಲಿ ಬಿಗಿಯಾದ ಮೇಲೆ ಅರ್ಧ ಸುತ್ತು, ಅಷ್ಟೇ.

316 ಗ್ರೇಡ್ ಸ್ಟೇನ್‌ಲೆಸ್ ಬೋಲ್ಟು, ನೈಲಾನ್ ಲಾಕ್ ನಟ್ಟು. ಥ್ರೆಡ್‌ಗೆ ಹಾಕುವ ಲಾಕಿಂಗ್ ದ್ರವ ಬೇಡ, ಪಾಲಿಕಾರ್ಬೊನೇಟಿಗೆ ತಾಗಿದರೆ ಸೀಳ್ತದೆ. ಪೆಟ್ರೋಲು, ಥಿನ್ನರಿನಲ್ಲಿ ಒರೆಸಿದರೂ ಹಾಗೇ, ಸಾಬೂನು ನೀರು ಸಾಕು. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಂ ಪಟ್ಟಿಗೆ ನೇರ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ತಿಂದು ಹೋಗ್ತದೆ, ನಡುವೆ ನೈಲಾನ್ ವಾಷರ್ ಹಾಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಶೀಲ್ಡಿನ ಮೇಲಂಚು ಹಿಡಿದು ಅಲುಗಿಸಿ ನೋಡು. ಪಟ್ಟಿಯ ತೂತಿನ ಸುತ್ತ ಬಿಳಿ ಹುಡಿ ಕಂಡರೆ ಬಿಚ್ಚಿ, ತೊಳೆದು, ವಾಷರ್ ಬದಲಿಸಿ ಹಾಕು.